ಇಟಲಿಯ ಕುರಿದಾರಿ ಕಂಡು ಬಂದ ರೇವಣಪ್ಪ

ಕುರಿ ನಡೆದು ಬದುಕುವ ಪ್ರಾಣಿ. ನಡೆಯಲು ಅದಕ್ಕೆ ನೆಲ ಬೇಕು. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಆ ನೆಲದ ಮೇಲೆ ನೇಗಿಲು ಹೊಡೆದವರು, ಕಬ್ಬು ಹಚ್ಚಿದವರು, ಗೋಡೆ ಎಬ್ಬಿಸಿದವರು ನೀವು. ನೀವಲ್ಲದಿದ್ದರೆ ನಿಮ್ಮ ಬೀಗರು.

ಸಿಂದಗಿ ತಾಲ್ಲೂಕಿನ ಮೋರಟಗಿ ಕಡೆಯಿಂದ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯ ತನಕ, ಕೃಷ್ಣೆಯ ದಂಡೆಗೆ, ಒಂದು ಹಾದಿ ಇತ್ತು. ಇತ್ತು ಎಂದೇ ಬರೆಯುತ್ತಿದ್ದೇನೆ. ಯಾವ ಇಲಾಖೆಯೂ ಹಾಕಿದ್ದಲ್ಲ, ಕುರುಬರು ತಲೆತಲಾಂತರದಿಂದ ನಡೆದು ನಡೆದು ಬಿದ್ದ ಹಾದಿ. ಜೂನಿನಲ್ಲಿ ಮಿರಗದ ಮಳೆ ಹಿಡಿದರೆ ಮೋರಟಗಿಯ ಎರಿ ನೆಲ, ಆ ಕಪ್ಪು ಮಣ್ಣು, ನಾದಿದ ಹಿಟ್ಟಿನ ಹಾಗಾಗುತ್ತದೆ. ಆ ಕೆಸರು ಗೊರಸಿನ ಸಂದಿಯಲ್ಲಿ ಕೂತರೆ ಗೊರಸು ಕೊಳೆಯುತ್ತದೆ. ಕುರಿ ಮೊದಲು ಕುಂಟುತ್ತದೆ, ಆಮೇಲೆ ಮೊಣಕಾಲೂರಿ ಮೇಯುತ್ತದೆ, ಕಡೆಗೆ ಮೇಯುವುದನ್ನೇ ಬಿಡುತ್ತದೆ. ಅದಕ್ಕೇ ಮಳೆಗೆ ಮೊದಲು ಹಿಂಡು ಹೊಳೆ ಕಡೆಯ, ನೀರು ನಿಲ್ಲದ ಗರಸು ನೆಲಕ್ಕೆ ಇಳಿಯಬೇಕು. ದೀಪಾವಳಿ ಹೊತ್ತಿಗೆ ಎರಿ ಆರಿದ ಮೇಲೆ ತಿರುಗಿ ಬರಬೇಕು. ಇದರಲ್ಲಿ ಆಯ್ಕೆಯ ಮಾತೇ ಇಲ್ಲ.

ಬೇಸಿಗೆಯಲ್ಲಿ ಹೊಲಕ್ಕೆ ಗೊಬ್ಬರ ಬೇಕಾದಾಗ ಇದೇ ಹಿಂಡನ್ನು ಕರೆದು ನಿಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತೀರಿ. ಆಗ “ಬಾರೋ ರೇವಣ್ಣ, ಚಾ ಕುಡೀ ಬಾ.” ಅದೇ ಹಿಂಡು ಜೂನಿನಲ್ಲಿ ಹಾದು ಹೋಗಲು ಬಂದರೆ, “ಯಾಂವಲೇ ಅಂವ, ಕುರಿ ಹೊಳ್ಳಿಸೋ.” ಚಹದ ಬಸಿ ತೊಳೆದಿಡುವಷ್ಟರಲ್ಲಿ ನಮ್ಮ ದನಿ ಬದಲಾಗುತ್ತದೆ.

ರೇವಣಪ್ಪ ಮೋರಟಗಿಯವನು ಎಂದು ರೇಶನ್ ಕಾರ್ಡು ಹೇಳುತ್ತದೆ. ಹುಟ್ಟಿದ್ದು ತಾಳಿಕೋಟೆಯ ಹತ್ತಿರ, ಡೋಣಿ ನದಿಯ ಮಗ್ಗುಲಲ್ಲಿ, ನಡೆಯುತ್ತಿದ್ದ ಹಿಂಡಿನ ಹಿಂದೆ. ತಾಯಿ ಹೆತ್ತು, ಮರುದಿನ ಕೂಸನ್ನು ಕಂಬಳಿಯಲ್ಲಿ ಕಟ್ಟಿಕೊಂಡು ಮುಂದಿನ ಬಿಡಾರಕ್ಕೆ ನಡೆದಳಂತೆ. ಅವನಿಗೀಗ ಎಂಬತ್ತರ ಹತ್ತಿರ. ಕೂತಲ್ಲಿ ಕೂರುವ ಮನುಷ್ಯ ಅಲ್ಲ. ಮಾತಾಡುವಾಗಲೂ ಎದ್ದು ನಿಂತು, ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ಮಾತಾಡುತ್ತಾನೆ.

“ಕುಂತ್ರ ನನಗ ಮಾತ ಬರೂದಿಲ್ರಿ,” ಎನ್ನುತ್ತಾನೆ.

“ನಿಂತ್ರೂ ಬರೂದಿಲ್ಲ. ಬೈಗಳಷ್ಟ ಬರ್ತಾವ,” ಎನ್ನುತ್ತಾಳೆ ಅವನ ಹೆಂಡತಿ ಶೇವಂತೆವ್ವ.

ಹರೆಯದಲ್ಲಿ ವಿಜಾಪುರಕ್ಕೆ ಉಣ್ಣೆ ಮಾರಲು ಹೋದವನು ಸೈನ್ಯಕ್ಕೆ ಹೆಸರು ಕೊಟ್ಟು ಬಂದ. “ಉಣ್ಣಿ ಮಾರಾಕ ಹೋದಾಂವ ತನ್ನನ್ನಾ ಮಾರ್ಕೊಂಡ ಬಂದ ಅಂತ ನಮ್ಮತ್ತಿ ಸಾಯೂತನಕಾ ಅಳತಿದ್ಳು,” ಎಂದು ಶೇವಂತೆವ್ವ ನಗುತ್ತಾಳೆ. ಪ್ರಾಣಿ ಬಲ್ಲವನು ಎಂದು ಸೈನ್ಯದವರು ಅವನ ಕೈಗೆ ಬಂದೂಕಿಗಿಂತ ಹೇಸರಗತ್ತೆಯ ಹಗ್ಗವನ್ನೇ ಹೆಚ್ಚು ಕೊಟ್ಟರು. ಹಡಗು ಹತ್ತಿಸಿದರು. ಇಳಿಸಿದ್ದು ಇಟಲಿಯಲ್ಲಿ.

ಆ ಎರಡನೇ ಮಹಾಯುದ್ಧದಲ್ಲಿ ಇಟಲಿಯ ನೆಲದಲ್ಲಿ ನಮ್ಮ ದೇಶದ ಐದು ಸಾವಿರಕ್ಕೂ ಹೆಚ್ಚು ಸಿಪಾಯಿಗಳು ಸತ್ತಿದ್ದಾರೆ. ನಮ್ಮ ಸಾಲಿ ಪುಸ್ತಕದಲ್ಲಿ ಅವರಿಗೆ ಅರ್ಧ ಸಾಲೂ ಇಲ್ಲ. ಸತ್ತವರಿಗೇ ಜಾಗ ಕೊಡದ ನಾವು, ಬದುಕಿ ಬಂದು ಕುರಿ ಕಾಯ್ದವನನ್ನು ಏನು ಕಂಡೇವು?

ಇಟಲಿಯ ನಕ್ಷೆ ಬೂಟುಗಾಲಿನಂತಿದೆ ಎಂದು ಎಲ್ಲರೂ ಓದಿದ್ದೀರಿ. ಆ ಕಾಲಿನ ಹಿಂಬದಿ, ಮೀನಖಂಡದ ಜಾಗದಲ್ಲಿ ಕಿಯೇತಿ ಎಂಬ ಪ್ರಾಂತ್ಯ ಇದೆ. ನಮ್ಮ ಜಿಲ್ಲೆ ಇದ್ದ ಹಾಗೆ. ಪಡುವಣಕ್ಕೆ ಮಾಯೆಲ್ಲಾ ಎಂಬ ದೊಡ್ಡ ಬೆಟ್ಟ, ವರ್ಷದ ಬಹುಪಾಲು ಹಿಮ ಹೊತ್ತು ನಿಂತಿರುತ್ತದೆ. ಅಲ್ಲಿಯ ಜನ ಅದನ್ನು ತಾಯಿ ಎಂದೇ ಕರೆಯುತ್ತಾರೆ. ಮೂಡಣಕ್ಕೆ ಸಮುದ್ರ. ನಡುವೆ ಜೇಡಿಮಣ್ಣಿನ ದಿಣ್ಣೆಗಳು, ಆಲಿವ್ ಮರ, ದ್ರಾಕ್ಷಿ ಬಳ್ಳಿ. ಬೆಟ್ಟದಿಂದ ಸಮುದ್ರಕ್ಕೆ ನದಿಗಳು ಒಂದರ ಪಕ್ಕ ಒಂದು, ಚಾಚಿದ ಬೆರಳುಗಳ ಹಾಗೆ ಇಳಿಯುತ್ತವೆ. ತೆಂಕಣದಿಂದ ಬಡಗಣಕ್ಕೆ ಹೋಗುವ ಸೈನ್ಯ ಆ ಬೆರಳುಗಳನ್ನೆಲ್ಲ ಒಂದೊಂದಾಗಿ ದಾಟಬೇಕು. 1943ರ ನವೆಂಬರಿನಲ್ಲಿ ಸಾಂಗ್ರೊ ಎಂಬ ನದಿ ದಾಟುವಾಗ ಮಳೆ ಹಿಡಿದು, ಸೈನ್ಯ ಹಾಕಿದ ಸೇತುವೆಗಳನ್ನು ನದಿ ಹೊತ್ತುಕೊಂಡು ಹೋಯಿತು. ಲಾರಿಗಳು ಹೂತವು. ಹೇಸರಗತ್ತೆಗಳು ನಡೆದವು, ಅವುಗಳ ಹಿಂದೆ ರೇವಣಪ್ಪ.

“ಎಲ್ಲಾರೂ ಕೆಸರಿಗೆ ಹೆದರಿದ್ರು. ನಾ ಒಂದ್ ಮುಟಗಿ ತಗೊಂಡು ಹಿಸುಕಿ ನೋಡಿದೆ. ನಮ್ಮ ಎರಿ ಮಣ್ಣಿನ ತಂಗಿ ಅದು,” ಎಂದು ಅವನು ಹೇಳುವಾಗ ಹೆಬ್ಬೆರಳು ತೋರುಬೆರಳು ಈಗಲೂ ಉಜ್ಜಿಕೊಳ್ಳುತ್ತವೆ.

ಊರುಗಳು ಊರಾಗಿ ಉಳಿದಿರಲಿಲ್ಲ. ಹಿಂದೆ ಸರಿಯುತ್ತಿದ್ದ ಜರ್ಮನರು ಮನೆ ಸುಟ್ಟು, ಸೇತುವೆ ಸಿಡಿಸಿ, ದನಕುರಿ ಹೊಡೆದುಕೊಂಡು ಹೋಗಿದ್ದರು. ಲಾಂಚಾನೊ ಎಂಬ ಪಟ್ಟಣದಲ್ಲಿ ಎದುರು ನಿಂತ ಹುಡುಗರನ್ನು ಅಕ್ಟೋಬರಿನಲ್ಲಿ ಕೊಂದಿದ್ದರು. ಆ ಪಟ್ಟಣ ಕೈಗೆ ಬಂದ ಮೇಲೆ ರೇವಣಪ್ಪನ ಕಂಪನಿ ಅದರ ಹೊರಗೆ ಒಂದು ಅಗಲವಾದ ಹುಲ್ಲುಪಟ್ಟಿಯ ಮೇಲೆ ಬಿಡಾರ ಹೂಡಿತು. ಹುಲ್ಲು ಚೆನ್ನಾಗಿತ್ತು. ಅಡ್ಡಕ್ಕೆ ಹಗ್ಗ ಎಳೆದು ಹೇಸರಗತ್ತೆಗಳನ್ನು ಸಾಲಾಗಿ ಕಟ್ಟಿದರು.

ಒಂದು ಮಧ್ಯಾಹ್ನ ಆ ಹಗ್ಗದ ಎದುರು ಒಬ್ಬ ಕುರುಬ ಬಂದು ನಿಂತ. ಹಿಂದೆ ಕುರಿ. ಅಕ್ಕಪಕ್ಕ ಎರಡು ಬಿಳಿ ನಾಯಿ, ಕೊರಳಲ್ಲಿ ತೋಳ ಹಿಡಿಯದ ಹಾಗೆ ಕಬ್ಬಿಣದ ಮುಳ್ಳಿನ ಪಟ್ಟಿ. ಹೆಸರು ದೊನಾತೊ ಎಂದು ಆಮೇಲೆ ತಿಳಿಯಿತು. ಚಳಿಗಾಲಕ್ಕೆ ಬೆಟ್ಟ ಇಳಿದು ತೆಂಕಣದ ಬಯಲಿಗೆ ಹೋಗಬೇಕಾದವನು ಯುದ್ಧದ ನಡುವೆ ಸಿಕ್ಕಿಬಿದ್ದು, ಹಿಂಡನ್ನು ಕೊರಕಲಿನಲ್ಲಿ ಮುಚ್ಚಿಟ್ಟು, ಜರ್ಮನರು ಹೋದ ಮೇಲೆ ಹೊರಬಂದಿದ್ದ. ಅವನು ಕೂಗಾಡಿದ. ನೆಲಕ್ಕೆ ಕೋಲು ಕುಟ್ಟಿದ. ದೂರದ ಒಂದು ಕಲ್ಲು ತೋರಿಸಿದ, ಇನ್ನೊಂದು ಬದಿಯ ಕಲ್ಲು ತೋರಿಸಿದ. ಪಹರೆಯವರು ನಕ್ಕರು. ಒಬ್ಬ ಬಂದೂಕು ಎತ್ತಿದ.

ರೇವಣಪ್ಪ ಹೋಗಿ ಹೇಸರಗತ್ತೆಗಳ ಹಗ್ಗ ಬಿಚ್ಚಿದ. ಹಿಂಡು ಹಾದು ಹೋಯಿತು. ಎರಡು ಹೇಸರಗತ್ತೆ ಓಡಿಹೋಗಿ ಸಂಜೆಯವರೆಗೆ ಸಿಗಲಿಲ್ಲ. ಹವಾಲ್ದಾರ ಅವನಿಗೆ ಶಿಕ್ಷೆಯಾಗಿ ಪಾಯಖಾನೆಯ ಗುಂಡಿ ತೋಡಿಸಿದ.

“ಅಂವ ಏನಂದಾ ನಿನಗ ತಿಳೀತೇನು?” ಎಂದು ನಾನು ಕೇಳಿದ್ದೆ.

“ಹಾದ್ಯಾಗ ಕುರಿ ಬಂದ್ರ ಜಾಗಾ ಬಿಡಬೇಕು. ಇದಕ್ಕ ಭಾಷಿ ಯಾಕ ಬೇಕ್ರಿ?”

ಅಂದು ಹತ್ತಿರದಲ್ಲೇ ತಂಗಿದ ದೊನಾತೊ ಕುರಿಹಾಲಿನ ಗಟ್ಟಿ ಗಿಣ್ಣು ತಂದು, ಗುಂಡಿ ತೋಡುತ್ತಿದ್ದವನ ಬಾಯಿಗೇ ಇಟ್ಟನಂತೆ. ಅಲ್ಲಿಯ ಮಾತು ಅಷ್ಟಿಷ್ಟು ಕಲಿತಿದ್ದ ಮದರಾಸಿನ ಕಂಪೌಂಡರ ಒಬ್ಬ ನಡುವೆ ಕೂತು ತಿಳಿಸಿದ. ಈ ಹುಲ್ಲುಪಟ್ಟಿ ಕುರಿದಾರಿ. ಬೆಟ್ಟದ ಮೇಲಿನ ಲಾಕ್ವಿಲಾದಿಂದ ಕಿಯೇತಿಯ ದಿಣ್ಣೆಗಳ ಮೇಲೆ ಹಾದು, ಸಾಂಗ್ರೊ ದಾಟಿ, ಕೆಳಗೆ ಫೊಜ್ಜಾದ ಬಯಲಿಗೆ ಹೋಗುತ್ತದೆ. ಈ ಕಲ್ಲಿನಿಂದ ಆ ಕಲ್ಲಿನವರೆಗೆ ಯಾರೂ ಉಳುವಂತಿಲ್ಲ, ಕಟ್ಟುವಂತಿಲ್ಲ. ಅರಸನ ಕಟ್ಟಳೆ.

ನಾನು ಆಮೇಲೆ ಹುಡುಕಿ ಓದಿದ್ದು: ಹದಿನೈದನೇ ಶತಮಾನದಲ್ಲಿ ನೇಪಲ್ಸಿನ ಅರಸ ಆ ಕಾಯ್ದೆಗಳನ್ನು ಬಿಗಿ ಮಾಡಿದ. ದಾರಿಯ ಅಗಲ ನೂರು ಮೀಟರಿಗೂ ಮೇಲೆ. ಅರಸನಿಗೆ ಕುರಿಯ ಮೇಲೆ ಪ್ರೀತಿ ಇತ್ತು ಎಂದುಕೊಳ್ಳಬೇಡಿ, ಕುರಿಯ ತೆರಿಗೆಯ ಮೇಲೆ ಇತ್ತು. ಇದ್ದರೂ ದಾರಿ ಉಳಿಯಿತು. ನಮ್ಮಲ್ಲಿ ಪ್ರೀತಿಯ ಭಾಷಣಕ್ಕೇನೂ ಕಮ್ಮಿಯಿಲ್ಲ, ದಾರಿ ಮಾತ್ರ ಉಳಿಯಲಿಲ್ಲ.

ಯುದ್ಧ ಮುಗಿಸಿ ಬಂದವನು ಶೇವಂತೆವ್ವನನ್ನು ಮದುವೆಯಾದ, ಹಿಂಡಿನ ಹಿಂದೆ ನಡೆದ. ಇಟಲಿಯ ಕಲ್ಲುಗಳ ನೆನಪು ಬರುವ ಕಾರಣವೇ ಬಹಳ ವರ್ಷ ಇರಲಿಲ್ಲ. ಬಯಲು ಬಯಲಾಗಿಯೇ ಇತ್ತು. ಆಮೇಲೆ ಕಾಲುವೆಯ ಸುದ್ದಿ ಬಂತು. ನೀರು ಬರುವ ಮೊದಲೇ ನೇಗಿಲು ಬಂತು. ಹಾದಿಯ ಎರಡೂ ಬದಿಯ ಹೊಲದವರು ಪ್ರತಿ ವರ್ಷ ಒಂದೊಂದು ಸಾಲು ಒಳಗೆ ಸರಿದರು. 1991ರಲ್ಲಿ ಸರ್ವೆಯವರು ಕಾಲುವೆಯ ಗುರುತಿಗೆ ಕಲ್ಲು ನೆಟ್ಟರು. ಹಾದಿಯಲ್ಲಿ ನಿಂತು ಅದನ್ನು ನೋಡಿದ ರೇವಣಪ್ಪ ಮಗ ಕಾಂತುವಿಗೆ, “ನಡಿಯೋ, ನಾವೂ ನೆಡೂಣು,” ಎಂದ.

“ಏನ್ ನೆಡೂದು?”

“ಕಲ್ಲ.”

“ಯಪ್ಪಾ, ಕುರಿ ಕಾಯಾಕ ಹುಟ್ಟಿಸಿದ್ಯೋ, ಕಲ್ಲ ಹೊರಾಕ ಹುಟ್ಟಿಸಿದ್ಯೋ?” ಎಂದ ಕಾಂತು. ಎಂದರೂ ಹೊತ್ತ. ಹೋಗುವಾಗೊಂದಿಷ್ಟು, ಬರುವಾಗೊಂದಿಷ್ಟು, ಮೊಣಕಾಲೆತ್ತರದ ಕಲ್ಲುಗಳನ್ನು ಹಾದಿಯ ಎರಡೂ ಅಂಚಿಗೆ ಅಪ್ಪ ಮಗ ಹುಗಿದರು.

ಮರುವರ್ಷ ಬಂದು ನೋಡಿದರೆ ಅರ್ಧ ಕಲ್ಲು ಇರಲಿಲ್ಲ. ಒಂದು ಬಾವಿಯ ಕಟ್ಟೆಗೆ ಸೇರಿತ್ತು. ಒಂದರ ಮೇಲೆ ಒಬ್ಬ ಹೆಣ್ಣುಮಗಳು ಬಟ್ಟೆ ಒಗೆಯುತ್ತಿದ್ದಳು. “ಯವ್ವಾ, ಆ ಕಲ್ಲ ನಮ್ಮದು,” ಎಂದ ರೇವಣಪ್ಪ. “ಹಂಗಾರ ಅರಿವಿನೂ ನೀನಾ ಒಗದಕೊಡು,” ಎಂದಳು ಆಕೆ.

ಆಗ ಶೇವಂತೆವ್ವ ಒಂದು ಉಪಾಯ ಹೇಳಿದಳು. “ಕಾಂತೂನಪ್ಪಾ, ಭಂಡಾರ ಹಚ್ಚಿ ನೆಡು. ಯಾರು ಮುಟ್ಟತಾರ ನೋಡೂಣು.”

ಭಂಡಾರ ಎಂದರೆ ಅವರ ದೇವರ ಅರಿಶಿನ ಪುಡಿ. ಹೊಸ ಕಂಬಳಿಗೂ ಹೊಸ ಕೋಲಿಗೂ ಈಗಷ್ಟೇ ಹುಟ್ಟಿದ ಕುರಿಮರಿಗೂ ಹಚ್ಚುತ್ತಾರೆ. ಹಚ್ಚಿದ ಮೇಲೆ ಅದು ತಮ್ಮದು, ಕಾಪಾಡಬೇಕಾದದ್ದು. ರೇವಣಪ್ಪ ಕಲ್ಲಿಗೂ ಹಚ್ಚಿದ. ಅಲ್ಲಿಂದ ಮುಂದೆ ಒಂದು ಕಲ್ಲೂ ಹೋಗಲಿಲ್ಲ. ಗಂಡ ಹೆಂಡತಿ ಖುಷಿಯಾದರು. ಅರಸನಿಲ್ಲದ ಊರಲ್ಲಿ ಅರಿಶಿನವೇ ಕಾಯ್ದೆ ಎಂದುಕೊಂಡರು. ತಪ್ಪಿದ್ದು ಇಲ್ಲಿ.

ಹಾದಿ ಕಾಲುವೆ ದಾಟುವ ಸೇತುವೆಯ ಹತ್ತಿರ ಒಂದು ಊರಿದೆ. ಅದರ ಹೆಸರು ಬರೆಯುವುದಿಲ್ಲ. ಬರೆದರೆ ಒಂದೇ ಊರಿನ ಪಾಪವಾಗಿ, ಉಳಿದವರು ಮೀಸೆ ತಿರುವಿಕೊಂಡು ಚಹಾ ಕುಡಿಯುತ್ತೀರಿ. ಆ ಸೇತುವೆಯ ಈಚೆಗೆ ಒಂದು ಕಲ್ಲಿತ್ತು. ಒಂದು ವರ್ಷ ಅದರ ಮುಂದೆ ಒಡೆದ ತೆಂಗಿನಕಾಯಿ ಕಂಡಿತು. ಮುಂದಿನ ವರ್ಷ ಸುತ್ತ ಕಟ್ಟೆ. ಆಮೇಲೆ ತಗಡಿನ ಸೂರು, ಗಂಟೆ, ಹುಂಡಿ. ಜನ ಮೊದಲು ‘ಹಾದಿಕಲ್ಲಪ್ಪ’ ಎಂದು ಕರೆಯುತ್ತಿದ್ದರು. ಕಮಾನು ಕಟ್ಟಿಸಿದಾಗ ‘ಶ್ರೀ ಮಾರ್ಗೇಶ್ವರ’ ಎಂದು ಬರೆಸಿದರು. ಮುಂದಾಳು ಬಸಂತರಾಯ, ಊರ ಸಾಹುಕಾರ, ಕಮಿಟಿಯ ಅಧ್ಯಕ್ಷ. ಗುಡಿಯ ಒಂದು ಬದಿಗೆ ಕಾಲುವೆಯ ಏರಿ, ಇನ್ನೊಂದು ಬದಿಗೆ ಅವನದೇ ಕಬ್ಬು. ಕಬ್ಬು ಗುಡಿಯ ತನಕ ಬಂತು, ಗುಡಿ ಏರಿಯ ತನಕ ಹೋಯಿತು. 1999ರಲ್ಲಿ ಸುತ್ತ ಕಂಪೌಂಡು ಎದ್ದಿತು. ಸೇತುವೆಗೆ ಹೋಗಬೇಕಾದರೆ ಈಗ ಗುಡಿಯ ಮುಂದಿನ ಗೇಟಿನಲ್ಲಿ ಹೊಕ್ಕು ಹಿಂದಿನ ಗೇಟಿನಲ್ಲಿ ಹೊರಡಬೇಕು. ಮನುಷ್ಯರು ಹೋಗಬಹುದು. ಕುರಿ ಹೋದರೆ ಮೈಲಿಗೆ.

ದಾರಿ ಕಾಯಲು ನೆಟ್ಟ ಕಲ್ಲು ದಾರಿಗೇ ಅಡ್ಡ ಕೂತಿತು.

2000ದ ಬೇಸಿಗೆಯಲ್ಲಿ ರೇವಣಪ್ಪ ಕಮಿಟಿಯವರ ಮುಂದೆ ಹೋಗಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. “ಸಾವ್ಕಾರ್ರ, ಇದು ದೇವರಲ್ರಿ. ನಾನಾ ನೆಟ್ಟಿದ್ದು. ಕುರಿ ಹಾದಿ ಗುರ್ತಿಗೆ. ಇಟಲ್ಯಾಗ ನೋಡಿ ಬಂದು ನೆಟ್ಟೇನಿ.”

ಬಡಿಗೆ ಬೀಳುತ್ತದೆ ಎಂದುಕೊಂಡಿದ್ದ. ಬಸಂತರಾಯ ಎದ್ದು ಬಂದು ಅಪ್ಪಿಕೊಂಡ.

“ನೀನಾ ನೆಟ್ಟಿದ್ದೇನೋ? ಇಷ್ಟ ದಿವ್ಸ ಎಲ್ಲಿದ್ದ್ಯೋ ಮಾರಾಯಾ! ಮಾರ್ಗೇಶ್ವರನ ಮೂಲಪುರುಷ ಯಾರು, ಯಾರು ಅಂತ ಜನ ಕೇಳಾಕತ್ತಾರ, ನಾವು ಬಾಯಿ ಬಾಯಿ ಬಿಡಾಕತ್ತೇವಿ.”

“ಮೂಲಪುರುಷ ಅಲ್ರಿ, ಕಲ್ಲ...”

“ಕನಸಿನ್ಯಾಗ ಬಂದಿದ್ದೇನು?”

“ಕನಸಲ್ರಿ, ಇಟಲಿ.”

“ಹೊರದೇಶದಾಗ, ಯುದ್ಧದಾಗ, ಗುಂಡಿನ ಸುರಿಮಳ್ಯಾಗ ದರ್ಶನ ಕೊಟ್ಟಾನ!” ಎಂದು ಬಸಂತರಾಯ ಉಳಿದವರ ಕಡೆ ತಿರುಗಿದ. “ಬರ್ಕೋರಿ ಇದನ್ನ.”

ಅವರು ಅವನಿಗೆ ಶಾಲು ಹೊದಿಸಿದರು. ಗುಡಿಯ ಗೋಡೆಗೆ ‘ಸ್ಥಾಪಕರು: ಶ್ರೀ ರೇವಣಪ್ಪನವರು’ ಎಂದು ಬೋರ್ಡು ಹಾಕಿದರು. ಅವನು ಬಾಯಿ ತೆರೆದಾಗಲೆಲ್ಲ ಪೇಢೆ ಇಟ್ಟರು. ಶಾಲು ಹೊತ್ತು ಬಿಡಾರಕ್ಕೆ ಬಂದವನನ್ನು ನೋಡಿ ಶೇವಂತೆವ್ವ, “ಹಾದಿ ಕೇಳಾಕ ಹೋದಾಂವ ಹಚ್ಚಡಾ ಹೊತಗೊಂಡ ಬಂದಿ. ಕುರಿಗೂ ಒಂದ್ ಹೊಚ್ಚಸ್ಕೊಂಡ ಬರಬೇಕಿತ್ತಲ್ಲ,” ಎಂದಳು. ಆ ವರ್ಷ ಡಾಂಬರು ರಸ್ತೆ ಹಿಡಿದು ಸುತ್ತಿ ಹೋದರು. ತಿರುವಿನಲ್ಲಿ ಲಾರಿ ಬಂತು. ಕುರಿಗಳು ಸತ್ತು ರಸ್ತೆಯ ತುಂಬ ಬಿದ್ದವು, ಕಾಯುವ ನಾಯಿಯೂ ಸತ್ತಿತು. ಲಾರಿಯವನು ನಿಲ್ಲಲಿಲ್ಲ. ನಿಮ್ಮಲ್ಲಿ ಕೆಲವರು ಬಸ್ಸಿನಿಂದ ಇಣುಕಿ ನೋಡಿ ಮೂಗು ಮುಚ್ಚಿಕೊಂಡಿರಿ.

2001ರಲ್ಲಿ ಮಳೆ ಅವಸರ ಮಾಡಿತು. ಹಿಂಡು ಆ ಊರಿನ ಹೊರಗೆ ಬರುವ ಹೊತ್ತಿಗೆ ಎರಿ ಅಂಟತೊಡಗಿತ್ತು. ರೇವಣಪ್ಪನ ಕುರಿಗಳ ಹಿಂದೆ ಇನ್ನೆರಡು ಮನೆತನದ ಹಿಂಡುಗಳಿದ್ದವು. ಹಿಂದಿನ ಗೇಟಿಗೆ ಕೀಲಿ ಬಿದ್ದಿತ್ತು. ಒಳಗೆ ಸಿಂದಗಿಯ ಗೌಂಡಿ ಗೈಬುಸಾಬ ನೆಲಕ್ಕೆ ಫರ್ಸಿ ಕಲ್ಲು ಕೂಡಿಸುತ್ತಿದ್ದ. ಮಂಟಪದಲ್ಲಿ ಬಸಂತರಾಯ ಕೂತಿದ್ದ, ಸುತ್ತ ಹತ್ತಾರು ಜನ.

“ಬರ್ರಿ, ಬರ್ರಿ. ಸ್ಥಾಪಕ್ರು ಬಂದ್ರು, ಚಾ ತರಸ್ರಿ.”

“ಚಾ ಬ್ಯಾಡ್ರಿ ಸಾವ್ಕಾರ್ರ. ಹಿಂದಿನ ಗೇಟ್ ತಗೀರಿ. ಕುರಿ ದಾಟ್ಲಿ.”

“ಅದೊಂದ ಕೇಳಬ್ಯಾಡ. ಹೊಸಾ ಫರ್ಸಿ. ಹಿಕ್ಕಿ ಹಾಕ್ತಾವ.”

“ಹಿಕ್ಕಿ ನಿಮ್ಮ ಕಬ್ಬಿನ್ಯಾಗ ಬಿದ್ರ ಗೊಬ್ಬರ. ಇಲ್ಲಿ ಬಿದ್ರ ಹೊಲಸೇನ್ರಿ?”

“ರಸ್ತಾ ಐತಲ್ಲ, ಸುತ್ತಿ ಹೋಗು.”

“ಹ್ವಾದ ವರ್ಸ ಸುತ್ತಿ ಹೋಗಿದ್ವ್ರಿ,” ಎಂದ ಕಾಂತು, ಗೇಟಿನ ಹೊರಗಿನಿಂದಲೇ. “ಲಾರಿ ಹಾದದ್ದು ನೀವೂ ನೋಡೀರಿ.”

“ಆ ಲಾರಿ ನಾ ಹೊಡದಿದ್ನೇನೋ?”

ಹೊರಗೆ ಕುರಿಗಳು ಒಂದರ ಮೇಲೊಂದು ಒತ್ತುತ್ತಿದ್ದವು. ಮೋಡ ಇಳಿಯುತ್ತಿತ್ತು. ರೇವಣಪ್ಪ ಗೈಬುಸಾಬನ ಹತ್ತಿರ ಹೋದ. ಅವನ ಪಕ್ಕದಲ್ಲಿ ಹಾರೆ ಬಿದ್ದಿತ್ತು.

“ಗೈಬ್ಯಾ, ಹಾರಿ ಕೊಡು.”

ಗೈಬುಸಾಬ ತಲೆ ಎತ್ತಿದ. ಮುದುಕನ ಕಣ್ಣು ಎಲ್ಲಿ ನೆಟ್ಟಿದೆ ಎಂದು ನೋಡಿದ. ಗರ್ಭಗುಡಿಯ ಕಲ್ಲಿನ ಮೇಲೆ.

“ಮುತ್ಯಾ, ಅಲ್ಲಾನ ಆಣಿ, ನಿನ್ನ ಕಾಲ ಹಿಡೀತೇನಿ. ನಾ ಕೊಟ್ರ ನನ್ನ ಕತಿ ಏನ್ ಆಗ್ತೈತಿ ಗೊತ್ತೈತೇನು?”

ಅವನ ಹೆದರಿಕೆ ಏಕೆಂದು ರೇವಣಪ್ಪನಿಗೆ ಆಗ ಹೊಳೆಯಿತು. ಕೆಳಗೆ ಬಾಗಿ, ಎಲ್ಲರಿಗೂ ಕೇಳುವ ಹಾಗೆ, “ನೀ ಕೊಟ್ಟಿಲ್ಲೋ. ನಾ ಕಸಗೊಂಡೇನಿ. ಯಾರರ ಕೇಳಿದ್ರ ಹಂಗಂತ ಹೇಳು,” ಎಂದು ಹಾರೆ ಎತ್ತಿಕೊಂಡ.

ಸ್ಥಾಪಕ ಗರ್ಭಗುಡಿಗೆ ಹೋದರೆ ಯಾರು ತಡೆಯುತ್ತಾರೆ? ಏನೋ ಸೇವೆ ಮಾಡುತ್ತಾನೆ ಎಂದುಕೊಂಡರು. ಹಾರೆಯ ಮೊದಲ ಏಟು ಕೇಳಿ ಪೂಜಾರಿ ಒಳಗೆ ಓಡಿದ. ಎಂಟು ಹತ್ತು ಏಟಿಗೆ ಕಲ್ಲು ಅಲುಗಾಡಿತು. ಬೆಳ್ಳಿಯ ಕಣ್ಣು, ಮೀಸೆ, ಹೂವು ಎಲ್ಲ ಕಿತ್ತಿಟ್ಟು, “ಕಾಂತೂ, ಬಾ,” ಎಂದು ಕೂಗಿದ. ಕಾಂತು ಬಂದು ಕಲ್ಲನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೇರಿಸಿಕೊಂಡ. ಹತ್ತು ವರ್ಷದ ಹಿಂದೆ ತಂದ ಹಾಗೆಯೇ. ರೇವಣಪ್ಪ ಸೊಂಟದ ಚೀಲ ಬಿಚ್ಚಿ ಮುಷ್ಟಿ ತುಂಬ ಭಂಡಾರ ತೂರಿದ.

“ದೇವರು ಹೊಂಟಾನ! ಹಾದಿ ಬಿಡ್ರಿ!”

ಮುಂದೆ ಆದದ್ದನ್ನು ಕಣ್ಣಾರೆ ನೋಡಿದವರೇ ಈಗ ಹಾಗೇನೂ ಆಗಲಿಲ್ಲ ಎನ್ನುತ್ತಾರೆ. ದೇವರು ಎದ್ದು ಹೊರಟಾಗ ಅಡ್ಡ ನಿಲ್ಲಬಾರದು. ಬಾಗಿಲು ಮುಚ್ಚಿಡಬಾರದು. ಇದು ನಮ್ಮ ನೆತ್ತರಿನಲ್ಲಿ ಇದೆ. ಜನ ಎರಡು ಬದಿಗೆ ಸರಿದು ಕೈ ಮುಗಿದರು. ಕೆಲವು ಹೆಂಗಸರು ಕೊಡದ ನೀರು ತಂದು ಕಾಂತುವಿನ ಕಾಲಿಗೆ ಹಾಕಿದರು. ಬಸಂತರಾಯ ತನಗರಿವಿಲ್ಲದೆಯೇ ಟೊಪ್ಪಿಗೆ ತೆಗೆದ. ಪೂಜಾರಿ ಓಡಿಹೋಗಿ ಹಿಂದಿನ ಗೇಟಿನ ಕೀಲಿ ತೆಗೆದ.

“ಏ, ಕೀಲಿ ತಗೀಬ್ಯಾಡಲೇ!” ಎಂದು ಬಸಂತರಾಯ ಒದರಿದ, ಎಚ್ಚರವಾದವನ ಹಾಗೆ.

“ದೇವರನ್ನ ಹ್ಯಾಂಗ ತಡೀಲ್ರಿ ಸಾವ್ಕಾರ್ರ? ನೀವಾ ತಡೀರಿ ಬೇಕಾದ್ರ!”

ಕಲ್ಲಿನ ಹಿಂದೆ ಶೇವಂತೆವ್ವ ನಾಲಗೆ ಹೊರಳಿಸಿ ಕುರಿ ಕರೆದಳು. ಹಿಂಡು ಮುಂದಿನ ಗೇಟಿನಿಂದ ಹೊಕ್ಕು, ಹೊಸ ಫರ್ಸಿಯ ಮೇಲೆ ಹಿಕ್ಕೆ ಉದುರಿಸುತ್ತ, ಹಿಂದಿನ ಗೇಟಿನಿಂದ ಸೇತುವೆಗೆ ಹರಿಯಿತು. ಇನ್ನೆರಡು ಹಿಂಡೂ ಹಾದವು. ಕಡೆಯ ಕುರಿ ದಾಟಿದ ಮೇಲೆ ಕಾಂತು ಕೇಳಿದ, “ಯಪ್ಪಾ, ಎಲ್ಲಿ ನೆಡೂಣು?”

“ಎಲ್ಲಿ ನೆಟ್ರೂ ಗುಡಿ ಕಟ್ಟತಾರ,” ಎಂದ ರೇವಣಪ್ಪ. ಸೇತುವೆಯ ಮೇಲಿಂದ ಕಲ್ಲನ್ನು ಕಾಲುವೆಗೆ ಬಿಟ್ಟರು.

ಇಲ್ಲಿಗೆ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ವಾರದೊಳಗೆ ಗುಡಿಯಲ್ಲಿ ಇನ್ನೊಂದು ಕಲ್ಲು ಬಂತು. ಕಲ್ಲಿನ ಕಣಿಯಿಂದ ತರಿಸಿ, ನುಣುಪು ಮಾಡಿಸಿ, ಹೋಮ ಮಾಡಿ ಕೂಡಿಸಿದರು. ಗೇಟಿಗೆ ಹೊಸ ಕೀಲಿ. ದೇವರ ಅಪಮಾನವಾಯಿತು ಎಂದು ದೂರೂ ಹೋಯಿತು. ದೂರಿನಲ್ಲಿ ಯಾರ ಹೆಸರಿತ್ತು? ಗೈಬುಸಾಬನದು. ಗೌಂಡಿಯೇ ಹಾರೆಯಿಂದ ಕಿತ್ತ ಎಂದು.

ರೇವಣಪ್ಪ ಠಾಣೆಗೆ ನಡೆದು ಹೋದ. “ಕಿತ್ತಾಂವ ನಾ. ಅಂವನ ಹೆಸರ ತಗೀರಿ,” ಎಂದ. ಅಲ್ಲಿದ್ದವನು ನಕ್ಕು, “ಬೋರ್ಡಿನ ಮ್ಯಾಲ ನೀ ಸ್ಥಾಪಕ ಅಂತ ಐತಿ. ಸ್ಥಾಪಕ ಹ್ಯಾಂಗ ಕೀಳ್ತಾನೋ ಮುದುಕಾ? ಮನೀಗ್ ಹೋಗು,” ಎಂದನಂತೆ. ಮೂರು ಸಲ ಹೋದ. ಮೂರು ಸಲವೂ ಕುರ್ಚಿ ಕೊಟ್ಟು ಕಳಿಸಿದರು.

ಗೈಬುಸಾಬನಿಗೆ ಸುತ್ತಲ ಊರುಗಳಲ್ಲಿ ಕೆಲಸ ನಿಂತಿತು. ಅವನೀಗ ಸೊಲ್ಲಾಪುರದಲ್ಲಿ ಇದ್ದಾನೆ, ಕೇಸಿನ ತಾರೀಖಿಗೆ ಬಂದು ಹೋಗುತ್ತಾನೆ. ರೇವಣಪ್ಪ ಸಿಂದಗಿಗೆ ಬಂದಾಗಲೆಲ್ಲ ಅವನ ಮನೆ ಮುಂದೆ ಹೋಗಿ ನಿಲ್ಲುತ್ತಾನೆ. ಗೈಬುಸಾಬನ ಹೆಂಡತಿ ಸೈದಾಬಿ, “ಮುತ್ಯಾ, ಒಳಗರ ಬಾ. ಹಾರಿ ಕಸಗೊಂಡಾಂವ ನೀ ಅಂತ ಊರಿಗೆಲ್ಲಾ ಗೊತ್ತೈತಿ. ಗೊತ್ತಿದ್ದಾ ಬರದಾರ. ನೀ ಹೊರಗ ನಿಂತ್ರ ಅಳಿಸಿ ಹೋಕ್ಕೈತೇನು?” ಎನ್ನುತ್ತಾಳೆ. ಅವನು ಒಳಗೆ ಹೋಗುವುದಿಲ್ಲ. ಕೋಲು ಕೈ ಬದಲಿಸುತ್ತ ಸ್ವಲ್ಪ ಹೊತ್ತು ನಿಂತು ಹೊರಟುಬಿಡುತ್ತಾನೆ.

ಹೋದ ತಿಂಗಳು ಮೋರಟಗಿಯ ಹೊರಗೆ ಬಿಡಾರದಲ್ಲಿ ಅವನನ್ನು ಕಂಡೆ. ಓದಿ ತಿಳಿದದ್ದನ್ನು ಹೇಳಿದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಫ್ರೆಂಚರ ಆಳ್ವಿಕೆ ಬಂದು ಆ ಹಳೆಯ ಕಾಯ್ದೆ ಸಡಿಲಾಯಿತು. ರೈಲು ಬಂತು. ಅಲ್ಲಿಯ ರೈತರೂ ದಾರಿಯನ್ನು ಉತ್ತರು, ಮನೆ ಕಟ್ಟಿದರು. ಹಿಂಡುಗಳು ಕಮ್ಮಿಯಾಗಿ ಹೆಚ್ಚುಕಮ್ಮಿ ನಿಂತೇಹೋದವು. ಆಮೇಲೆ, 1980ರ ಸುಮಾರಿಗೆ, ಉಳಿದ ಹುಲ್ಲುಪಟ್ಟಿಯನ್ನು ಯಾರೂ ಮುಟ್ಟಬಾರದು ಎಂದು ಸರ್ಕಾರ ಆಜ್ಞೆ ಮಾಡಿತು. ಹಳೆಯ ಕೋಟೆ ಕೊತ್ತಲ ಕಾಯುವ ಹಾಗೆ ಕಾಯುತ್ತಿದೆ.

“ಅಲ್ಲೀನೂ ಉತ್ತಾರೇನು?” ಎಂದ. “ದೊನಾತ ಏನ್ ಮಾಡಿದ್ನೋ.”

“ಕುರಿ ಇಲ್ಲ ಈಗ. ಬರೇ ಹುಲ್ಲೈತಿ.”

“ಹುಲ್ಲ ಐತಲ್ಲ,” ಎಂದ ರೇವಣಪ್ಪ, ಕೋಲು ಕೈ ಬದಲಿಸುತ್ತ. “ಹುಲ್ಲ ಇತ್ತಂದ್ರ ನಾಳಿ ಯಾರರ ಬರಬಹುದು. ನಮ್ಮಲ್ಲಿ ಹುಲ್ಲ ಇಲ್ಲ, ಕುರಿ ಅದಾವ.” ಅಷ್ಟರಲ್ಲಿ ಶೇವಂತೆವ್ವ ಆಕಾಶ ನೋಡಿ, “ಮಾತಾಡ್ಕೋತ ನಿಂದ್ರು ನೀ, ಮಳಿ ನಿನ್ನ ಕೇಳಿ ಬರೂದಿಲ್ಲ,” ಎಂದು ಕೂಗಿದಳು. ಅವನು ಹೊರಟ.

ಇದು 2002ರ ಮೇ. ಇನ್ನು ಕೆಲವೇ ದಿನದಲ್ಲಿ ಅವನು ಹಿಂಡು ಹೊಡೆದುಕೊಂಡು ಆ ಗೇಟಿನ ಮುಂದೆ ಬರುತ್ತಾನೆ. ಈ ಸಲ ಕೀಳಲು ಅವನ ಕಲ್ಲು ಅಲ್ಲಿಲ್ಲ. ಹಾರೆ ಕಸಿದುಕೊಳ್ಳಲು ಗೈಬುಸಾಬನೂ ಇಲ್ಲ, ಇದ್ದರೂ ರೇವಣಪ್ಪ ಇನ್ನೊಮ್ಮೆ ಕಸಿಯುವವನಲ್ಲ. ಕೀಲಿ ತೆರೆಯದಿದ್ದರೆ ಮತ್ತೆ ಡಾಂಬರು ರಸ್ತೆ, ಮತ್ತೆ ಲಾರಿ. ಅಥವಾ ಎರಿಯಲ್ಲೇ ನಿಂತು ಗೊರಸು ಕೊಳೆಯಬೇಕು.

ಆ ಕಂಪೌಂಡಿಗೆ ಚಂದಾ ಕೊಟ್ಟವರ ಹೆಸರುಗಳನ್ನು ಅಮೃತಶಿಲೆಯ ಮೇಲೆ ಕೊರೆಸಿದ್ದಾರೆ. ನಾನು ನಿಂತು ಓದಿದೆ. ಇಂಡಿ ಪಟ್ಟಣದ ವ್ಯಾಪಾರಸ್ಥರಿದ್ದೀರಿ, ಚಡಚಣದ ದ್ರಾಕ್ಷಿಯವರಿದ್ದೀರಿ, ಬಸವನ ಬಾಗೇವಾಡಿಯ ಮಾಸ್ತರರಿದ್ದೀರಿ, ಮುದ್ದೇಬಿಹಾಳದ ವಕೀಲರಿದ್ದೀರಿ. ಈ ಪತ್ರಿಕೆ ಓದುವವರೇ ಎಲ್ಲ. ಗೋಡೆ ನಿಮ್ಮದು, ಹಾಗಾಗಿ ಗೇಟೂ ನಿಮ್ಮದು. ಮಿರಗದ ಮಳೆಗೆ ಮೊದಲು ಆ ಊರಿಗೆ ಹೋಗಿ, ಬಸಂತರಾಯನ ಕೈಯಿಂದ ಕೀಲಿ ಇಸಿದುಕೊಂಡು, ನಿಮ್ಮ ಕೈಯಾರೆ ಹಿಂದಿನ ಗೇಟು ತೆಗೆಯಿರಿ. ತೆಗೆದು, ಕಡೆಯ ಕುರಿ ದಾಟುವ ತನಕ ಅಲ್ಲೇ ನಿಲ್ಲಿರಿ. ಬರುವಾಗ ಠಾಣೆಗೆ ಹೋಗಿ, ಹಾರೆ ಕಸಿದುಕೊಂಡವನು ಯಾರೆಂದು ನಿಮಗೆ ಗೊತ್ತಿರುವ ಸತ್ಯವನ್ನು ಸಹಿ ಹಾಕಿ ಬರೆದುಕೊಡಿ.